ಮೇಲಿನ ಕೋಣೆಯ ಬಾಡಿಗೆದಾರಳು

2020 ಮೇ 9, ಶನಿವಾರ, ಬೆಳಿಗ್ಗೆ

ಕಾಲುವೆ ದಂಡೆಯ ಮೇಲೆ ಅದೇ ನಡಿಗೆ. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಆ ವೃತ್ತದೊಳಗೆ ಈ ಐರಿಷ್ ಊರು ಮೇನೂತ್ ಎಷ್ಟಿದೆಯೋ ಅಷ್ಟೂ ಬಾಯಿಪಾಠ. ಎದುರು ಬಂದವರು ಹುಲ್ಲಿಗಿಳಿದು ದಾರಿ ಬಿಡುತ್ತಾರೆ. ನಾನೂ ಇನ್ನೊಂದು ಬದಿಗೆ ಇಳಿಯುತ್ತೇನೆ. ನಡುವೆ ದಾರಿ ಖಾಲಿ.

ಅನನ್ಯಾಳ ಲೀವಿಂಗ್ ಸರ್ಟ್ ರದ್ದು. ನಿನ್ನೆ ಘೋಷಣೆ. ಶಾಲೆಯ ಕೊನೆಯ ಪರೀಕ್ಷೆ, ಕಾಲೇಜಿನ ಸೀಟು ಅದರ ಮೇಲೆಯೇ. ಈಗ ಮೇಷ್ಟ್ರುಗಳು ಅಂದಾಜಿನ ಮೇಲೆ ಅಂಕ ಕೊಡುತ್ತಾರಂತೆ.

"ಫಿಸಿಕ್ಸ್ ಸರ್‌ಗೆ ನನ್ನ ಹೆಸರೇ ಬರಲ್ಲ, ಚಿಕ್ಕಮ್ಮ. ಹೀ ಕಾಲ್ಸ್ ಮಿ ಅನಾನಾ. ಅನಾನಾಗೆ ಎಷ್ಟು ಕೊಡ್ತಾರೋ, ಅನನ್ಯಾಗೆ ಎಷ್ಟೋ."

"ಇಬ್ಬರದೂ ಕೂಡಿಸಿ ಕೊಡಲಿ ಬಿಡು," ನನ್ನ ಗಂಡ ಶ್ರೀಕಂಠ ಅಂದರು. ಊಟದ ಮೇಜು ಈಗ ಅವರ ಆಫೀಸು. ನನ್ನದು ಅಡುಗೆಮನೆಯ ಕಟ್ಟೆ. ಸ್ಯಾಂಡಿಫರ್ಡ್‌ನ ಕಂಪನಿಗೆ ಸಾಫ್ಟ್‌ವೇರ್ ಬಳಸುವ ಬಗೆಯನ್ನು ಬರೆದು ಕೊಡುತ್ತೇನೆ. ಏನೂ ಕೆಡದ ಹೊರತು ಯಾರೂ ಓದದ ಬರಹ.

ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿದಳು, ನಿಮ್ಮ ಮಗಳಿಗೆ ಬೇಜಾರಾಯಿತಾ ಅಂತ. ಇಲ್ಲ, ಕುಣಿಯುತ್ತಿದ್ದಾಳೆ ಅಂದೆ. 'ಮಗಳು' ಅನ್ನುವುದನ್ನು ಹನ್ನೆರಡು ವರ್ಷದಿಂದ ತಿದ್ದಿಲ್ಲ. ತಿದ್ದಲು ಏನಿದೆ. ಶ್ರೀಕಂಠರ ಅಣ್ಣನ ಮಗಳು. ತಾಯಿ ತೀರಿಕೊಂಡು, ಅವಳಪ್ಪ ಸುಬ್ರಾಯ ಭಾವ ಇನ್ನೊಂದು ಮದುವೆಯಾದಾಗ, ಬೇಸಿಗೆ ರಜೆಗೆಂದು ಮೈಸೂರಿನಿಂದ ಕರೆತಂದದ್ದು. ಆಗ ಆರು ವರ್ಷ. ಆ ರಜೆ ಇನ್ನೂ ಮುಗಿದಿಲ್ಲ. ಏರ್‌ಪೋರ್ಟಿನಲ್ಲಿ ಅಧಿಕಾರಿ "ಡಾಟರ್?" ಅಂದ. ಶ್ರೀಕಂಠ "ಯೆಸ್" ಅಂದರು. ಸುಳ್ಳು ಅನ್ನಿಸಿರಲಿಲ್ಲ. ಇಂಗ್ಲಿಷಿನವರ 'ನೀಸ್' ನಮ್ಮಲ್ಲಿಲ್ಲ. ಗಂಡಸಿಗೆ ತಂಗಿಯ ಮಗಳಾದರೆ ಸೊಸೆ. ಅಣ್ಣನ ಮಗಳಾದರೆ ಮಗಳು.

2020 ಸೆಪ್ಟೆಂಬರ್ 11, ಶುಕ್ರವಾರ

ಸೀಟು ಸಿಕ್ಕಿತು. ಇದೇ ಊರಿನ ಯೂನಿವರ್ಸಿಟಿ. ಮನೆಯಿಂದ ನಡೆದೇ ಹೋಗಬಹುದು. ಅನನ್ಯಾ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಕಿರುಚಿದ್ದೇ ಕಿರುಚಿದ್ದು. ನಾನು ಕೇಸರಿಬಾತ್ ಮಾಡಿದೆ. ಶ್ರೀಕಂಠ ಎರಡು ಚಮಚ ತಿಂದು, ಮೀಟಿಂಗ್ ಇದೆ ಅಂತ ಎದ್ದರು. ಶುಕ್ರವಾರ ಸಂಜೆ ಯಾವ ಮೀಟಿಂಗೋ.

ಸೆಪ್ಟೆಂಬರ್ 16, ಬುಧವಾರ

ಕಾಲೇಜಿನವರು ವಲಸೆ ಇಲಾಖೆಯ ಕಾರ್ಡು ಕೇಳಿದ್ದಾರೆ. ಹೊರದೇಶದವರಿಗೆ ಹದಿನಾರು ತುಂಬಿದ ಮೇಲೆ ಇರಲೇಬೇಕಾದದ್ದು.

"ಚಿಕ್ಕಪ್ಪ, ವೇರ್ ಈಸ್ ಮೈ ಕಾರ್ಡ್?"

ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಕಾರ್ಡ್ ಇಲ್ಲ, ಪುಟ್ಟಾ."

"ಕಳೆದೋಯ್ತಾ?"

"ಮಾಡ್ಸೇ ಇಲ್ಲ."

ನಾನು ಕಟ್ಟೆಯಿಂದ ಎದ್ದು ಬಂದೆ. "ದತ್ತು ಆಗಿದೆಯಲ್ರೀ. ದತ್ತು ಮಗಳಿಗೆ ಕಾರ್ಡ್ ಯಾಕೆ ಬೇಕು? ನಮ್ಮ ಜೊತೆ ಅವಳದೂ ಸಿಟಿಜನ್‌ಶಿಪ್ ಆಗಿರಬೇಕಲ್ಲ. ವಕೀಲರ ಹತ್ರ ಹೋಗಿ ಬಂದು ಗ್ರಾಂಟ್ ಆಯ್ತು ಅಂದಿದ್ರಿ."

"ಅವರು ಗ್ರ್ಯಾಂಡ್ ಅಂದಿದ್ದು, ಕಾತ್ಯಾಯಿನಿ. 'ಇಟ್'ಲ್ ಬಿ ಗ್ರ್ಯಾಂಡ್.' ಸರಿಹೋಗುತ್ತೆ ಬಿಡಿ ಅಂತ. ನಾನು ಗ್ರಾಂಟ್, ಮಂಜೂರಾಯ್ತು ಅಂತ ಕೇಳಿಸ್ಕೊಂಡೆ. ನಾವು ಬಂದು ಎಷ್ಟು ದಿನ ಆಗಿತ್ತು ಆಗ?"

ಅನನ್ಯಾ ಜೋರಾಗಿ ನಕ್ಕಳು. "ಚಿಕ್ಕಪ್ಪ! ಇಲ್ಲಿ ಕಾಲು ಮುರಿದ್ರೂ ಗ್ರ್ಯಾಂಡ್ ಅಂತಾರೆ!" ನಗು ಮುಗಿಯುವ ಮೊದಲೇ ಅವಳಿಗೆ ಅರ್ಥವಾಯಿತು. ಮುಖದಲ್ಲಿ ಬಾಯಿ ಮಾತ್ರ ಇನ್ನೂ ನಗುತ್ತಿತ್ತು.

"ಯಾವಾಗ ಗೊತ್ತಾಯ್ತು ನಿಮಗೆ?" ನಾನು.

"ಅವಳಿಗೆ ಹದಿನಾರು ತುಂಬಿದಾಗ. ಶಾಲೆಯವರು ಕೇಳಿದ್ರು ಅಂತ ವಕೀಲರಿಗೆ ಫೋನ್ ಮಾಡ್ದೆ. ಅಂಥ ಫೈಲೇ ಇಲ್ಲ ಅಂದ್ರು. ವಿಸಿಟ್ ವೀಸಾ ಮುಗಿದ ದಿನದಿಂದ ಅವಳು ಲೆಕ್ಕದಲ್ಲೇ ಇಲ್ಲ ಅಂದ್ರು."

"ಎರಡು ವರ್ಷ ಹೇಳಲಿಲ್ಲ."

"ಹೇಳಿ ಏನಾಗಬೇಕಿತ್ತು? ನಿದ್ದೆ ಕೆಡಿಸ್ಕೊಳ್ಳೋಕೆ ಮನೇಲಿ ಒಬ್ಬ ಸಾಲದಾ?"

ಅನನ್ಯಾ ಕೇಳಿದಳು, "ಸೋ ವಾಟ್ ಆಮ್ ಐ?" ಹೆಡ್‌ಫೋನಿನೊಳಗಿಂದ ಯಾರೋ ಸಣ್ಣ ದನಿಯಲ್ಲಿ "ಶ್ರೀ, ಯು ಆರ್ ಆನ್ ಮ್ಯೂಟ್" ಅನ್ನುತ್ತಲೇ ಇದ್ದರು.

ಸೆಪ್ಟೆಂಬರ್ 20, ಭಾನುವಾರ

ತಪ್ಪಾಗಿ ಕೇಳಿಸಿಕೊಂಡದ್ದಕ್ಕೆ ಸಿಟ್ಟಿಲ್ಲ. ಯಾರಿಗೂ ಆಗುವಂಥದ್ದು. ಸರಿಯಾಗಿ ಕೇಳಿಸಿಕೊಂಡ ಮೇಲಿನ ಎರಡು ವರ್ಷವಿದೆಯಲ್ಲ, ಅದನ್ನು ಎಲ್ಲಿಡುವುದು ತಿಳಿಯುತ್ತಿಲ್ಲ.

ಶಾಲೆಯ ಫ್ರಾನ್ಸ್ ಪ್ರವಾಸದ ವಾರ ಅನನ್ಯಾಳಿಗೆ ಸ್ವಲ್ಪ ಕೆಮ್ಮಿತ್ತು. "ಬೇಡ, ಹುಡುಗಿ ಸೊರಗಿದಾಳೆ, ಕಳಿಸೋದು ಬೇಡ" ಅಂದ. ಎಷ್ಟು ಅಕ್ಕರೆ ಅಂದುಕೊಂಡೆ. ನನ್ನ ತಮ್ಮನ ಮಗನ ಮದುವೆಗೆ ನಾನೊಬ್ಬಳೇ ಮೈಸೂರಿಗೆ ಹೋದದ್ದು, ಇವರಿಬ್ಬರೂ ಇಲ್ಲೇ ಉಳಿದದ್ದು. "ಓದು ಕೆಡುತ್ತೆ" ಅಂದ. ಎಷ್ಟು ಜವಾಬ್ದಾರಿ. ಈಗ ಒಂದೊಂದನ್ನೇ ತಿರುವಿ ನೋಡಬೇಕು. ಪ್ರತಿ ಅಕ್ಕರೆಯ ಹಿಂಬದಿಯನ್ನೂ.

ಮೇಲೆ 'ಅಂದ' ಎಂದು ಬರೆದಿದ್ದೇನೆ. ಬುಧವಾರದವರೆಗೂ 'ಅಂದರು'. ಮುಖಾಮುಖಿ ಇನ್ನೂ ನೀವು, ರೀ ಅನ್ನುತ್ತಿದ್ದೇನೆ. ಇಲ್ಲಿ ಬಹುವಚನ ತಾನಾಗಿ ಬಿದ್ದು ಹೋಗಿದೆ. ತಿದ್ದುವುದಿಲ್ಲ.

2020 ಡಿಸೆಂಬರ್ 27, ಭಾನುವಾರ

ಕೋವಿಡ್ ನೆಪ ಹೇಳಿ ಸೀಟನ್ನು ಒಂದು ವರ್ಷ ಮುಂದೂಡಿಸಿದ್ದಾಯಿತು. ನೆಂಟರಿಲ್ಲ, ಪ್ರಯಾಣವಿಲ್ಲ. ಅನನ್ಯಾಳ ಗೆಳತಿಯರೂ ಅವರವರ ಮಲಗುವ ಕೋಣೆಯಲ್ಲೇ ಕಾಲೇಜು ಮಾಡುತ್ತಿದ್ದಾರೆ. ಇವಳೂ ಕೋಣೆಯಲ್ಲಿದ್ದಾಳೆ. ಹೊರಗಿನಿಂದ ನೋಡಿದರೆ ವ್ಯತ್ಯಾಸವಿಲ್ಲ.

"ಒಂದು ಲೆಕ್ಕದಲ್ಲಿ ಕೋವಿಡ್ ಬಂದಿದ್ದು ಒಳ್ಳೇದೇ ಆಯ್ತು," ಶ್ರೀಕಂಠ ಅಂದ. "ಯಾರೂ ಏನೂ ಕೇಳಲ್ಲ."

ದಿನಕ್ಕೆ ಎಷ್ಟು ಜನ ಸತ್ತರೆಂದು ಟಿವಿಯಲ್ಲಿ ಹೇಳುತ್ತಿದ್ದರು. ಅವನಿಗೆ ಕೇಳಿಸಿರಲಿಕ್ಕಿಲ್ಲ.

2021 ಜುಲೈ 10, ಶನಿವಾರ

ಲಸಿಕೆ. ಅವಳ ವಯಸ್ಸಿನವರಿಗೆ ಫಾರ್ಮಸಿಯಲ್ಲೇ. ಬಾಗಿಲವರೆಗೆ ಬಂದು ನಿಂತಳು.

"ಹೆಸರು ಕೇಳ್ತಾರೆ."

"ಕೇಳಲಿ. ಪೇಪರ್ಸ್ ಇಲ್ಲದವರಿಗೂ ಕೊಡ್ತಾರೆ ಅಂತ ಹೇಳಿದಾರಲ್ಲ."

"ಅನಾನಾ ಅಂತ ಕೊಡ್ಲಾ?"

ನಗಬೇಕೋ ಬೇಡವೋ ತಿಳಿಯಲಿಲ್ಲ. ಒಳಗೆ ಹೋಗಿ ಚುಚ್ಚಿಸಿಕೊಂಡು ಬಂದಳು. ಭುಜ ಒತ್ತಿ ಹಿಡಿದು ಅಂದಳು, "ದೇ ವರ್ ನೈಸ್. ಎಲ್ಲರೂ ತುಂಬಾ ನೈಸ್ ಆಗಿದ್ರು." ದೂರು ಹೇಳುವ ದನಿಯಲ್ಲಿ.

ಎರಡನೆಯ ಸಲ ಸೀಟು ಮುಂದೂಡಲು ಕಾಲೇಜಿನವರು ಒಪ್ಪಿಲ್ಲ.

2021 ಡಿಸೆಂಬರ್ 3, ಶುಕ್ರವಾರ, ಸಂಜೆ

ಅತ್ಲೋನ್‌ನಿಂದ ಫರ್ಹಾ ಫೋನು. ಧಾರವಾಡದವಳು, ಈಗ ಅತ್ಲೋನ್ ಊರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ವಾರಕ್ಕೊಮ್ಮೆ ವಲಸಿಗರಿಗೆ ಅರ್ಜಿ ತುಂಬಿಕೊಡುವ ಕೆಲಸವನ್ನೂ ಮಾಡುತ್ತಾಳೆ. ಅನನ್ಯಾಳ ವಿಷಯ ನಾನು ಹೇಳಿಕೊಂಡದ್ದು ಅವಳೊಬ್ಬಳಿಗೇ.

"ಅಕ್ಕಾರ, ಟಿವಿ ಹಚ್ರಿ ಮೊದ್ಲ! ಪೇಪರ್ ಇಲ್ದ ನಾಕು ವರ್ಷ ಇಲ್ಲೇ ಇದ್ದವ್ರಿಗೆ ಪರ್ಮಿಶನ್ ಕೊಡ್ತಾರಂತ. ಜನವರಿ ಆಖರಿಗೆ ಶುರು, ಜುಲೈ ತನಾ ಟೈಮ್. ಇಷ್ಟ ಮಾಡ್ರಿ, ಆಕಿ ಇಲ್ಲೇ ಇದ್ಲು ಅಂತ ತೋರಿಸ್ರಿ, ಸಾಕು."

ಫೋನ್ ಸ್ಪೀಕರಿನಲ್ಲಿತ್ತು. ಅನನ್ಯಾ ಬಗ್ಗಿ ಕೇಳಿದಳು, "ಸೋ ಫರ್ಹಾ ಆಂಟಿ, ನನಗೆ ಇಲ್ಲಿ ಇರೋಕೆ ಪರ್ಮಿಶನ್ ಇರ್ಲಿಲ್ಲ ಅಂತ ನಾನೇ ಪ್ರೂವ್ ಮಾಡ್ಬೇಕು?"

"ಹೂಂ ನನ್ನವ್ವಾ. ಇಷ್ಟು ದಿನಾ ಇಲ್ಲ ಅನ್ನೂಹಂಗ ಇದ್ದಿ. ಈಗ ಇದ್ದೆ ಅನ್ನು. ಜೋರಾಗಿ ಅನ್ನು."

ಅನನ್ಯಾ ಜೋರಾಗಿಯೇ ಅಂದಳು. ಗೋಡೆಯಾಚೆ ಪಕ್ಕದ ಮನೆಯ ನಾಯಿ ಬೊಗಳಿತು. ಒಂದು ವರ್ಷದಲ್ಲಿ ಈ ಮನೆಯಲ್ಲಿ ಮೂವರೂ ಒಟ್ಟಿಗೆ ನಕ್ಕದ್ದು ಇದೇ ಮೊದಲು. ಶ್ರೀಕಂಠನೂ ನಕ್ಕ. ಆಮೇಲೆ ಕೇಳಿದ: "ಯಾರ ಜೊತೆ ಇದ್ಲು ಅಂತಾನೂ ಬರೀಬೇಕಾ?"

2022 ಫೆಬ್ರವರಿ 13, ಭಾನುವಾರ

ಹುಟ್ಟಿದ ದಾಖಲೆಗೆ ಸುಬ್ರಾಯ ಭಾವನಿಗೆ ವಿಡಿಯೋ ಕಾಲ್. ಫೋಟೋ ಕಳಿಸುತ್ತೇನೆ ಅಂದರು. ಅಪ್ಪ ನಾನೇ, ರಜೆಗೆಂದು ಕಳಿಸಿದ್ದೆ ಅಂತ ಎರಡು ಸಾಲು ಬರೆದುಕೊಡಿ ಅಂದೆ.

"ಅದೆಲ್ಲ ಯಾಕಮ್ಮ ಈಗ? ಕೊಟ್ಟ ಮೇಲೆ ಮುಗೀತು. ಅವಳು ನಿಮ್ಮ ಮಗಳು. ನಂದು ಇಲ್ಲಿ ಬೇರೆ ಸಂಸಾರ ಇದೆ."

ಅನನ್ಯಾ ಪಕ್ಕದಲ್ಲೇ ಇದ್ದಳು, ಕ್ಯಾಮೆರಾದಿಂದಾಚೆ. ಹೆಬ್ಬೆರಳೆತ್ತಿ ತೋರಿಸಿದಳು. ಪರವಾಗಿಲ್ಲ ಅನ್ನುವ ಹಾಗೆ.

ಮಾರ್ಚ್ 6, ಭಾನುವಾರ, ಮಧ್ಯಾಹ್ನ

2020ರ ಬೇಸಿಗೆಯವರೆಗೂ ಶಾಲೆಯವರ ಪತ್ರ ಸಾಕು. ಆಮೇಲಿನದಕ್ಕೆ ತೊಡಕು. ಲಾಕ್‌ಡೌನ್ ಕಾಲದಲ್ಲಿ ಅವಳು ಎಲ್ಲಿಗೂ ಹೋಗಿಲ್ಲ, ಯಾರೂ ನೋಡಿಲ್ಲ. ಇದ್ದಳೆಂದು ಹೇಳಬಲ್ಲವರು ಮನೆಯೊಳಗಿನವರು ಮಾತ್ರ. ಮನೆಯವರಿಬ್ಬರೂ ಬರೆದು ಸಹಿ ಹಾಕಿಕೊಡಿ ಅಂದಿದ್ದಾಳೆ ಫರ್ಹಾ.

ಶ್ರೀಕಂಠ ಬರೆದು ತಂದ. ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದ. ಕುಮಾರಿ ಅನನ್ಯಾ ಸುಬ್ರಾಯ ಎಂಬುವರು 2017ರಿಂದ ಮೇಲ್ಕಂಡ ವಿಳಾಸದ ಮೇಲಿನ ಕೋಣೆಯಲ್ಲಿ ಲಾಡ್ಜರ್ ಆಗಿ ವಾಸವಿದ್ದಾರೆ. ಸನ್ನಡತೆಯವರು.

"ಏನಾಗಿ?" ಅಂದೆ.

"ಲಾಡ್ಜರ್. ರೂಮಲ್ಲಿ ಇರೋರು."

"ಬಾಡಿಗೆಗೆ."

"ಬಾಡಿಗೆ ಅಂತ ಬರೆದಿಲ್ಲವಲ್ಲ. ಕೇಳು ಇಲ್ಲಿ, ಕಾತ್ಯಾಯಿನಿ. ಏರ್‌ಪೋರ್ಟಲ್ಲಿ ಡಾಟರ್ ಅಂದವನು ನಾನು. ನಮ್ಮ ಸಿಟಿಜನ್‌ಶಿಪ್ ಅರ್ಜಿಯಲ್ಲಿ ಮಕ್ಕಳಿಲ್ಲ ಅಂತ ಬರೆದವನೂ ನಾನೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಏನಾಗುತ್ತೆ? ನಮ್ಮ ಪಾಸ್‌ಪೋರ್ಟಿಗೇ ಕುತ್ತು."

"ಮಕ್ಕಳಿಲ್ಲ ಅಂತ ಬರೆದಿದ್ರಾ?" ಇದು ನನಗೆ ಹೊಸದು. "ದತ್ತು ಗ್ರಾಂಟ್ ಆಗಿದೆ ಅಂದ್ಕೊಂಡಿದ್ದ ಕಾಲದಲ್ಲಿ? ಆಗ್ಲೇ?"

ಅವನು ಸಾರಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಹಾಗಾದರೆ ಹದಿನಾರಕ್ಕೆ ಗೊತ್ತಾದದ್ದಲ್ಲ. ಬಹುಶಃ ಎಂದೂ ಗ್ರಾಂಟ್ ಅಂತ ಕೇಳಿಸಿರಲೇ ಇಲ್ಲ. ಗ್ರ್ಯಾಂಡ್ ಅಂದವರನ್ನು ಮುಂದೆ ಏನೂ ಕೇಳದೆ ಎದ್ದು ಬಂದಿದ್ದಾನೆ. ಗ್ರಾಂಟ್ ಎಂದು ಕೇಳಿಸಿದ್ದು ನನಗೆ. ಅವನು ಕೇಳಿಸಲು ಬಿಟ್ಟ.

"ಅವರು ಕೇಳ್ತಿರೋದು ನಾಲ್ಕು ವರ್ಷ ತಾನೇ," ಅಂದ ಕೊನೆಗೆ. "ಹದಿನಾಲ್ಕು ಯಾಕೆ ಹೇಳ್ಬೇಕು? ಅವಳ ಕೆಲಸ ಆಗುತ್ತೆ. ನಾವೂ ಉಳೀತೀವಿ."

ಅನನ್ಯಾ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಲಾಡ್ಜರ್ ಈಸ್ ಗ್ರ್ಯಾಂಡ್," ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ: "ಸೈನ್ ಮಾಡಿ ಚಿಕ್ಕಮ್ಮ."

ಮಾಡಲಿಲ್ಲ.

ಮಾರ್ಚ್ 10, ಗುರುವಾರ

ನಾನೇ ಬೇರೊಂದು ಬರೆದೆ. ಇಂಗ್ಲಿಷಿನಲ್ಲಿ. ಆರು ವರ್ಷದವಳಾಗಿ ಬಂದದ್ದು. ಮೊದಲ ಹಲ್ಲು ಬಿದ್ದದ್ದು ಈ ಮನೆಯ ಮೆಟ್ಟಿಲ ಮೇಲೆ. ನಮ್ಮ ಭಾಷೆಯಲ್ಲಿ ಅಣ್ಣನ ಮಗಳು ಮಗಳೇ ಎಂದೂ ಬರೆದೆ. ಕೆಲಸದ ಬರಹಕ್ಕೆ ಎಂದೂ ಇಷ್ಟು ಹೊತ್ತು ಹಿಡಿದದ್ದಿಲ್ಲ.

ಫರ್ಹಾಳಿಗೆ ಫೋನಿನಲ್ಲಿ ಓದಿ ಹೇಳಿದೆ.

"ಛಲೋ ಅದ ಅಕ್ಕಾರ. ಖರೇನ ಛಲೋ ಅದ. ಆದ್ರ ಮನೀ ಶ್ರೀಕಂಠ ಭಾವಾರ ಹೆಸರಿನ್ಯಾಗ ಅದ. ಅವ್ರು ಒಂದು ಅನ್ನೂದು, ನೀವು ಒಂದು ಅನ್ನೂದು. ಒಂದ ಮನಿಯಿಂದ ಎರಡು ಮಾತು ಹೋದ್ರ ಕತ್ತರಿ ಬೀಳೂದು ಹುಡುಗಿಗೆ. ಅವ್ರು ಇದಕ್ಕ ಸಹಿ ಹಾಕ್ತಾರೇನು, ಕೇಳ್ರಿ."

ಕೇಳಿದೆ. ಅವನು ಕನ್ನಡಕ ತೆಗೆದು ಪೂರ್ತಿ ಓದಿದ. ಕಣ್ಣು ಒದ್ದೆಯಾಯಿತು. ನಿಜಕ್ಕೂ ಆಯಿತು, ನೋಡಿದೆ. "ಎಷ್ಟು ಚೆನ್ನಾಗಿ ಬರೀತೀಯ ನೀನು," ಅಂದ. ಹಾಕುವುದಿಲ್ಲ ಅಂದ.

ಮಾರ್ಚ್ 14, ಸೋಮವಾರ

ಸಹಿ ಹಾಕಿದೆ. ಅವನ ಪತ್ರಕ್ಕೇ, ಅವನ ಹೆಸರಿನ ಕೆಳಗೆ. ಅನನ್ಯಾ ಎದುರಿಗೆ ನಿಂತು ನೋಡುತ್ತಿದ್ದಳು.

"ಥ್ಯಾಂಕ್ಸ್," ಅಂದಳು.

ಮಾರ್ಚ್ 19, ಶನಿವಾರ

ಅಡುಗೆಮನೆಯ ತೆರೆದ ಬಾಗಿಲಿಗೆ ಬೆರಳಿಂದ ತಟ್ಟಿದ ಸದ್ದು. ಅನನ್ಯಾ.

"ಸಾರಿ ಟು ಬಾದರ್ ಯು, ಕಾತ್ಯಾಯಿನಿ. ಕ್ಯಾನ್ ಐ ಯೂಸ್ ದ ಕುಕ್ಕರ್?"

ಹೆಸರು ಹಿಡಿದು. ಇಲ್ಲಿ ಮನೆಯೊಡತಿಯನ್ನು ಬಾಡಿಗೆಯವರು ಹೆಸರು ಹಿಡಿದೇ ಕರೆಯುವುದು. ಅದರಲ್ಲಿ ಅಗೌರವವಿಲ್ಲ. ಫ್ರಿಜ್ಜಿನಲ್ಲಿ ಸಣ್ಣ ಹಾಲಿನ ಡಬ್ಬಿ, ಅದರ ಮೇಲೆ ಪೆನ್ನಿನಲ್ಲಿ 'ಅನನ್ಯಾ — ಅಪ್‌ಸ್ಟೇರ್ಸ್'.

ಶ್ರೀಕಂಠನಿಗೆ ಮೊದಮೊದಲು ತಮಾಷೆ. "ಏನಮ್ಮ, ಈ ತಿಂಗಳ ಬಾಡಿಗೆ ಯಾವಾಗ?"

"ನೀವು ಬಾಡಿಗೆ ಅಂತ ಬರೆದಿಲ್ಲವಲ್ಲ, ಶ್ರೀಕಂಠ," ಅಂದಳು, ನಗುತ್ತ, ಅತ್ಯಂತ ವಿನಯದಿಂದ.

ಅವನು ಆಮೇಲೆ ತಮಾಷೆ ಮಾಡಿಲ್ಲ.

ಏಪ್ರಿಲ್ 2, ಶನಿವಾರ

ಯುಗಾದಿ. ಬೇವು ಬೆಲ್ಲ ಮೇಲೆ ತೆಗೆದುಕೊಂಡು ಹೋದೆ. ನಾನೇ ಬಾಗಿಲು ತಟ್ಟಿದೆ. ಹದಿನಾಲ್ಕು ವರ್ಷದಲ್ಲಿ ಆ ಬಾಗಿಲು ತಟ್ಟಿದ್ದಿಲ್ಲ. ತೆರೆದಳು. ತಟ್ಟೆ ತೆಗೆದುಕೊಂಡಳು. "ಹ್ಯಾಪಿ ಯುಗಾದಿ" ಅಂದಳು. ಒಳಗೆ ಬನ್ನಿ ಅನ್ನಲಿಲ್ಲ. ನಾನೂ ಕೇಳಲಿಲ್ಲ.

2022 ಆಗಸ್ಟ್ 19, ಶುಕ್ರವಾರ

ಬಂತು. ಇರಲು, ಓದಲು, ಕೆಲಸ ಮಾಡಲು ಒಪ್ಪಿಗೆ. ಇಮೇಲನ್ನು ಅವಳು ಮೆಟ್ಟಿಲ ಮೇಲೆ ನಿಂತು ಓದಿದಳು. ಕಿರುಚಲಿಲ್ಲ. ಫರ್ಹಾ ಫೋನಿನಲ್ಲಿ ಅತ್ತಳು, ನಾನು ಅತ್ತೆ. ಅನನ್ಯಾ ನಮ್ಮಿಬ್ಬರನ್ನೂ ಸಮಾಧಾನ ಮಾಡಿದಳು.

ಶ್ರೀಕಂಠ ಕೇಕ್ ತಂದ. "ನೋಡಿದ್ಯಾ, ಎಲ್ಲಾ ಸರಿಹೋಯ್ತು. ಇನ್ಮೇಲೆ ಯಾವ ನಾಟಕನೂ ಬೇಡ. ಚಿಕ್ಕಪ್ಪ ಅನ್ನಮ್ಮ."

ಕೇಕ್ ತುಂಬಾ ಚೆನ್ನಾಗಿದೆ ಅಂದಳು.

ಸೆಪ್ಟೆಂಬರ್ 4, ಭಾನುವಾರ

ಹೋದಳು. ಅತ್ಲೋನ್‌ನಲ್ಲಿ ಕಾಲೇಜು ಸಿಕ್ಕಿದೆ. ಫರ್ಹಾಳ ಮನೆಯಲ್ಲಿ ಇರುತ್ತಾಳೆ.

ಮೇನೂತ್ ಸ್ಟೇಷನ್ನಿಗೆ ನಾನೊಬ್ಬಳೇ ಹೋದದ್ದು. ಎರಡು ಸೂಟ್‌ಕೇಸು. ರೈಲು ತಡ. ಬೆಂಚಿನ ಮೇಲೆ ಕೂತಿದ್ದೆವು.

"ಚಿಕ್ಕಮ್ಮ," ಅಂದಳು. ಮಾರ್ಚಿನಿಂದ ಈಚೆಗೆ ಮೊದಲ ಸಲ. "ಚಿಕ್ಕಪ್ಪನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೀ ವಾಸ್ ಸ್ಕೇರ್ಡ್."

"ಹೂಂ."

"ನಿಮ್ಮ ಹತ್ರ ಸೈನ್ ಮಾಡಿ ಅಂದಿದ್ದು ನಾನೇ."

"ಹೂಂ."

"ಮಾಡ್ದೇ ಇದ್ದಿದ್ರೆ ಈ ಪರ್ಮಿಶನ್ ಬರ್ತಿರ್ಲಿಲ್ಲ. ಐ ನೋ ದ್ಯಾಟ್." ಸೂಟ್‌ಕೇಸಿನ ಜಿಪ್ಪನ್ನು ಹಿಂದೆ ಮುಂದೆ ಎಳೆಯುತ್ತಿದ್ದಳು. "ಆದ್ರೂ ನೀವು ಮಾಡಲ್ಲ ಅಂದ್ಕೊಂಡಿದ್ದೆ."

ರೈಲು ಬಂತು. ತಬ್ಬಿಕೊಂಡಳು. ಮಾಸ್ಕಿನೊಳಗಿಂದ ಇನ್ನೇನೋ ಅಂದಳು. ಕೇಳಿಸಲಿಲ್ಲ. ಏನೆಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತು.

ಸೆಪ್ಟೆಂಬರ್ 25, ಭಾನುವಾರ

ವಾರಕ್ಕೊಮ್ಮೆ ಫೋನು. ಚೆನ್ನಾಗಿದ್ದಾಳೆ. ಕೆಫೆಯಲ್ಲಿ ಕೆಲಸ ಸಿಕ್ಕಿದೆಯಂತೆ. ಫರ್ಹಾಳ ಹಾಗೆ 'ಹೌದ್ರಿ' ಅನ್ನಲು ಕಲಿತಿದ್ದಾಳೆ.

ಶ್ರೀಕಂಠ ಅಂದ, "ಮೇಲಿನ ರೂಮು ಖಾಲಿ ಬಿದ್ದಿದೆ. ಊರಲ್ಲಿ ಸ್ಟೂಡೆಂಟ್ಸ್ ಮನೆ ಸಿಗದೆ ಕಾರಲ್ಲಿ ಮಲಗ್ತಿದಾರಂತೆ. ಕೊಟ್ರೆ ಪುಣ್ಯ ಬರುತ್ತೆ."

ಪುಣ್ಯ ಎಂಬ ಪದವನ್ನು ಅವನ ಬಾಯಲ್ಲಿ ಎಷ್ಟೋ ಕಾಲದ ಮೇಲೆ ಕೇಳಿದೆ. ಬೇಡ ಅನ್ನಲು ಕಾರಣ ಹುಡುಕಿದೆ. ಸಿಗಲಿಲ್ಲ. ಕಾರಣವಿಲ್ಲದೆಯೂ ಅನ್ನಬಹುದಿತ್ತು.

2022 ಅಕ್ಟೋಬರ್ 8, ಶನಿವಾರ, ಸಂಜೆ 6

ಕೋಣೆ ನೋಡಲು ಬಂದಿದ್ದರು. ದೂರದ ಮೇಯೋ ಜಿಲ್ಲೆಯ ಕಡೆಯ ಹುಡುಗಿ, ಜೊತೆಗೆ ತಾಯಿ. ತಾಯಿಗೆ ನನ್ನದೇ ವಯಸ್ಸು. ಕಿಟಕಿ ತೆರೆದು ನೋಡಿದಳು, ಹಾಸಿಗೆ ಒತ್ತಿ ನೋಡಿದಳು. ಗೋಡೆಯ ಮೇಲೆ ಸ್ಟಿಕ್ಕರ್ ಕಿತ್ತ ಗುರುತುಗಳು. ಬಾಗಿಲ ಚೌಕಟ್ಟಿನಲ್ಲಿ ಎತ್ತರ ಅಳೆದ ಪೆನ್ಸಿಲ್ ಗೆರೆಗಳು, ಕೆಳಗಿನದು ನನ್ನ ಸೊಂಟದಷ್ಟಿದೆ. ಅವುಗಳ ಮೇಲೆ ಬೆರಳಾಡಿಸಿ, ನಗುತ್ತ ಕೇಳಿದಳು, ಈ ಕೋಣೆಯಲ್ಲಿ ಮೊದಲು ಯಾರಿದ್ದರು ಅಂತ.

ಈಗ ಹೆದರಬೇಕಾದ್ದು ಏನೂ ಇರಲಿಲ್ಲ. ಒಪ್ಪಿಗೆ ಬಂದಾಗಿದೆ. ಕೇಳಿದವಳು ಇಲಾಖೆಯವಳಲ್ಲ. ಮಗಳನ್ನು ಊರು ಬಿಟ್ಟು ಊರಿಗೆ ಕಳಿಸುತ್ತಿರುವ ಒಬ್ಬ ತಾಯಿ. ಶ್ರೀಕಂಠನೂ ಮನೆಯಲ್ಲಿರಲಿಲ್ಲ.

"ಎ ಲಾಡ್ಜರ್," ಅಂದೆ. "ಲವ್ಲಿ ಗರ್ಲ್. ವೆರಿ ಕ್ವಯಟ್."

ತಡವರಿಸಲೂ ಇಲ್ಲ. ಆಕೆ ಒಮ್ಮೆ ಆ ಗೆರೆಗಳನ್ನು ನೋಡಿದಳು, ಒಮ್ಮೆ ನನ್ನನ್ನು. ಬೆರಳು ಹಿಂದಕ್ಕೆ ತೆಗೆದುಕೊಂಡಳು. ಯೋಚಿಸಿ ತಿಳಿಸುತ್ತೇವೆ ಅಂತ ಹೇಳಿ ಇಬ್ಬರೂ ಇಳಿದು ಹೋದರು.

ಅನನ್ಯಾಳಿಗೆ ಹೇಳಬೇಕು. ಈಗಲೇ, ಶ್ರೀಕಂಠ ಬರುವ ಮೊದಲೇ. ಫೋನ್ ಕೈಯಲ್ಲಿದೆ. ಹೇಳುವುದು ಏನೆಂದರೆ, ಈ ಸಲ ನನ್ನನ್ನು ಯಾರೂ ಒತ್ತಾಯಿಸಲಿಲ್ಲ, ಲಾಡ್ಜರ್ ಅಂದದ್ದು ನಾನೇ.